ಹೊತ್ತು ಮುಳುಗುವ ಮುಂಚಿನ ದಾಳಿ

ಕಂಪ್ಯೂಟರಿನ ಯುದ್ಧದಾಟದಲ್ಲಿ ಶತ್ರುವಿನ ವಿಮಾನಗಳನ್ನು ಆಕಾಶದಲ್ಲಿ ಬೆನ್ನಟ್ಟುವವನು ದಡ್ಡ. ಅವು ಇಂಧನ ತುಂಬಿಸಿಕೊಳ್ಳಲು ಇಳಿದಾಗ ನಿಲ್ದಾಣದ ಮೇಲೆಯೇ ಬಾಂಬು ಹಾಕಬೇಕು. ಈ ಆಟದಲ್ಲಿ ನನ್ನ ಎದುರಾಳಿ, ಜುಗೂಳದಲ್ಲಿ ನಮ್ಮ ಓಣಿಯವನೇ ಆದ ಗೆಳೆಯ ಸುಜಯನದು ಜೈನರ ಮನೆ, ಹೊತ್ತು ಮುಳುಗುವ ಮೊದಲೇ ಊಟ. ಅವನು ವಿಮಾನಗಳನ್ನೆಲ್ಲ ಇಳಿಸಿ ಉಣ್ಣಲು ಎದ್ದನೆಂದರೆ ನಾನು ನಮ್ಮ ಮನೆಯಿಂದ ದಾಳಿ ಮಾಡುತ್ತಿದ್ದೆ. ಬಾಂಬಿನ ಸದ್ದಿಗೆ ಊಟ ಅರ್ಧಕ್ಕೇ ಬಿಟ್ಟು ಓಡುವ ಅವನ ಬೈಗುಳ ಓಣಿಗೆಲ್ಲ ಕೇಳುತ್ತಿತ್ತು.

ನಿನ್ನೆ ಸಂಜೆ ಅವನ ತಾಯಿ ಮಂಗಲಕಾಕು ನಮ್ಮ ಬಾಗಿಲಿಗೇ ಬಂದರು. “ಈಶ್ವರಾ, ಹೋಳಿಗಿ ಮಾಡೇನಿ. ಹೊತ್ತ ಮುಳಗೂದ್ರಾಗ ಉಣ್ಣಾಕ ಬಾ.”

ಹೇಗೂ ಸುಜಯನೂ ಉಣ್ಣಲು ಕೂರುತ್ತಾನಲ್ಲ ಎಂದು ನನ್ನ ವಿಮಾನಗಳನ್ನೆಲ್ಲ ಇಳಿಸಿ ಹೋದೆ.

ಎರಡನೇ ಹೋಳಿಗೆಗೆ ತುಪ್ಪ ಬಿದ್ದಾಗಲೂ ಸುಜಯನ ತಟ್ಟೆ ಕಾಣಲಿಲ್ಲ.

“ಸುಜಯ ಎಲ್ಲಿದಾನ್ರೀ ಕಾಕು?”

“ಅವಂದು ಆಗಲೇ ಊಟ ಆತು. ಮ್ಯಾಲಿನ ಖೋಲ್ಯಾಗ ಅದಾನ.”

ಮೇಲಿನಿಂದ ಢಬ್ ಢಬ್ ಎಂದು ಬಾಂಬಿನ ಸದ್ದು ಬಂತು. ನಾನು ಗಡಬಡಿಸಿ ಏಳಲು ಹೋದೆ. ಕಾಕು ಹೆಗಲು ಒತ್ತಿ ಕೂರಿಸಿ, ಮೂರನೆಯದನ್ನು ತಟ್ಟೆಗೆ ಹಾಕಿದರು.

“ಕುಂದರೋ. ತಿಂಗಳಾತು, ನನ್ನ ಮಗನ ಊಟ ಕೆಡಸಾಕತ್ತಿ. ನಿನ್ನ ಇಮಾನ ಎಲ್ಲಾ ಸುಡೂತನಕ ಸಾವಕಾಶ ಉಣ್ಣು.”