ಅಂಕಪಟ್ಟಿಯ ಬೆನ್ನಿನ ಮೇಲಿನ ಏಳು ಸಾಲು

ನಾನು ಹುಟ್ಟಿದಾಗ ನನ್ನ ಬೆನ್ನು ತುಂಬಿತ್ತು, ಹೊಟ್ಟೆ ಖಾಲಿ ಇತ್ತು. ಅಂಕಪಟ್ಟಿಗಳ ಕುಲವೇ ಹಾಗೆ. ಮೊದಲು ಯಾವುದೋ ಮುದ್ರಣಾಲಯದಲ್ಲಿ ಸಾವಿರಾರು ಹಾಳೆಗಳ ಬೆನ್ನಿಗೆ ಒಂದೇ ಬಗೆಯ ಏಳು ಸಾಲುಗಳನ್ನು ಬೂದು ಬಣ್ಣದ ಸಣ್ಣ ಅಕ್ಷರಗಳಲ್ಲಿ ಅಚ್ಚು ಹಾಕುತ್ತಾರೆ. ಆಮೇಲೆ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ ಒಂದೊಂದು ಹಾಳೆಯ ಹೊಟ್ಟೆಗೆ ಒಬ್ಬೊಬ್ಬ ವಿದ್ಯಾರ್ಥಿಯ ಮೂರು ವರ್ಷಗಳನ್ನು ತುಂಬುತ್ತಾರೆ. ನನ್ನ ಪಾಲಿಗೆ ಬಂದವಳು ಗದಗಿನ ಕಾಳಿಕಾ ಬಡಿಗೇರ, ಬಿ.ಎಸ್ಸಿ. ಪ್ರಿಂಟರಿನ ಬಿಸಿ ಉರುಳೆಗಳ ನಡುವಿನಿಂದ ಹೊರಬಿದ್ದಾಗ ನನ್ನ ಕೆಳಮೂಲೆಯಲ್ಲಿ ‘ಸಿಜಿಪಿಎ 6.58, ಶ್ರೇಣಿ ಬಿ ಪ್ಲಸ್’ ಎಂದಿತ್ತು. ನನ್ನ ಕೆಳಗೆ ಬಿದ್ದಿದ್ದ ಹಾಳೆ 8.91. ನನ್ನ ಮೇಲೆ ಬಂದು ಬಿದ್ದದ್ದು 5.02. ತಕ್ಕಡಿಯಲ್ಲಿಟ್ಟರೆ ಮೂರೂ ಒಂದೇ ತೂಕ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೊಟ್ಟೆಯಲ್ಲಿರುವುದು ಬರೀ ಸಂಖ್ಯೆ. ಅದರ ಅರ್ಥ ಇರುವುದು ಬೆನ್ನಿನಲ್ಲಿ. ಯಾವ ಅಕ್ಷರಕ್ಕೆ ಎಷ್ಟು ಅಂಕ, ಎಷ್ಟಕ್ಕೆ ಪ್ರಥಮ ದರ್ಜೆ, ಸಿಜಿಪಿಎಯನ್ನು ಶೇಕಡಾವಾರು ಮಾಡುವುದು ಹೇಗೆ, ಎಲ್ಲವೂ ಆ ಏಳು ಸಾಲುಗಳಲ್ಲಿವೆ. ಅವನ್ನು ಓದಿದವರನ್ನು ನಾನು ಕಂಡಿರಲಿಲ್ಲ. ಕಾಲೇಜಿನ ಗುಮಾಸ್ತ ನನ್ನನ್ನು ಕೊಟ್ಟಾಗ ಕಾಳಿಕಾ ಮೊದಲು ತನ್ನ ಹೆಸರಿನಲ್ಲಿ ತಪ್ಪಿದೆಯೇ ಎಂದು ನೋಡಿದಳು, ಆಮೇಲೆ 6.58 ನೋಡಿದಳು, ಒಂದು ಉಸಿರು ಬಿಟ್ಟು ನನ್ನನ್ನು ನೆಟ್ಟಗೆ ಅಪ್ಪನ ಅಂಗಡಿಗೆ ಒಯ್ದಳು.

ಅಲ್ಲೇ ನನ್ನ ಗ್ರಹಚಾರ ಕೆಟ್ಟದ್ದು. ಅವಳ ಅಪ್ಪ ಮೌನೇಶಪ್ಪ ಫೋಟೋಗಳಿಗೆ ಕಟ್ಟು ಹಾಕುವವನು. ಇಪ್ಪತ್ತೆಂಟು ವರ್ಷಗಳಿಂದ ಅವನ ಅಂಗಡಿಯ ಗೋಡೆಗೆ ಬರುತ್ತಿದ್ದವರು ಎರಡೇ ಜಾತಿ: ದೇವರು ಮತ್ತು ತೀರಿಕೊಂಡವರು. ಬದುಕಿರುವವರದೊಂದು, ಅದೂ ಸ್ವಂತ ಮಗಳದು, ಕೈಗೆ ಬಂದಾಗ ಅವನು ಸುಮ್ಮನಿರುತ್ತಾನೆಯೇ? ಸಾಗವಾನಿ ಪಟ್ಟಿ ತೆಗೆದ. ಮೈದಾ ಹಿಟ್ಟು ಕುದಿಸಿ, ಹುಳು ಹತ್ತದಂತೆ ಚಿಟಿಕೆ ಮೈಲುತುತ್ತ ಬೆರೆಸಿ, ತನ್ನ ಹೆಸರಾಂತ ಅಂಟನ್ನು ತಯಾರಿಸಿದ. ಅದನ್ನು ನನ್ನ ಬೆನ್ನಿಗೆ, ಏಳೂ ಸಾಲುಗಳ ಮೇಲೆ, ಕೆನೆ ಸವರಿದಂತೆ ಸವರಿ, ಪ್ಲೈವುಡ್ ಹಲಗೆಗೆ ಒತ್ತಿ ಕೂರಿಸಿದ.

“ಮೂವತ್ತ ವರ್ಷ ಹೋಗಲಿ, ಒಂದ ಸುಕ್ಕು ಬೀಳಂಗಿಲ್ಲ,” ಅಂದ. ಮೇಲೆ ಗಾಜು ಕೂರಿಸಿದ. ರೂಢಿಯ ಕೈ ನೋಡಿ, ಗಂಧದ ಹಾರವನ್ನೂ ಎತ್ತಿಕೊಂಡಿತು.

“ಅಪ್ಪಾ, ನಾ ಇನ್ನೂ ಅದೀನಿ!” ಎಂದು ಕಾಳಿಕಾ ಹಾರ ಕಸಿದುಕೊಂಡಳು.

ಹೀಗೆ ನಾನು ಗೋಡೆ ಏರಿದೆ. ಮೊದಲ ವಿಮರ್ಶಕನಾಗಿ ಬಂದವನು ಅವಳ ಸೋದರಮಾವ ಗಂಗಾಧರಪ್ಪ, ಬಸ್ ಡಿಪೋದಿಂದ ನಿವೃತ್ತನಾದವನು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನನ್ನನ್ನು ಬಹಳ ಹೊತ್ತು ನೋಡಿದ.

“ಏನೋ ಮೌನೇಶಾ, ಆರೂವರಿ ಮಾರ್ಕ್ಸಿಗೆ ಇಷ್ಟ ದೊಡ್ಡ ಕಟ್ಟು ಹಾಕೀಯಾ? ನಾ ನಲವತ್ತೆರಡು ತಗೊಂಡಾಗ ನಮ್ಮಪ್ಪ ಒಂದು ಪೇಡೇನೂ ತರಲಿಲ್ಲ.”

“ಮಾವಾ, ಅದು ನೂರಕ್ಕಲ್ಲ, ಹತ್ತಕ್ಕ,” ಅಂದಳು ಕಾಳಿಕಾ.

“ಹಂಗಂದ್ರ ಈ ಬಿ ಪ್ಲಸ್ ಏನು? ಪರೀಕ್ಷಾದಾಗ ರಕ್ತಾನೂ ತಪಾಸ ಮಾಡಿದ್ರೇನ?”

ಮೌನೇಶಪ್ಪ ನಕ್ಕ. ಆದರೆ ಅವನಿಗೂ ಒಂದು ಅನುಮಾನ ಒಳಗೇ ಕೊರೆಯುತ್ತಿತ್ತು. “ಯವ್ವಾ, ಯೋಗದಾಗ ನಿನಗ ಹತ್ತು ಬಂದೈತಿ, ಕೆಮಿಸ್ಟ್ರಿಯೊಳಗ ಆರು. ಹತ್ತೂ ಆರೂ ಕೂಡಿಸಿ ಅರ್ಧ ಮಾಡಿದ್ರ ಎಂಟಾಗಬೇಕಲ್ಲ? ನಿಮ್ಮ ಯೂನಿವರ್ಸಿಟಿಯವ್ರು ನಡುವ ಎಲ್ಲೆ ಹೊಡದ್ರು?”

“ಹೊಡದಿಲ್ಲಪ್ಪಾ. ಯೋಗ ಒಂದು ಕ್ರೆಡಿಟ್ಟಿಂದು, ಕೆಮಿಸ್ಟ್ರಿ ನಾಕು ಕ್ರೆಡಿಟ್ಟಿಂದು.” ಅವನ ಮುಖದಲ್ಲಿ ಬೆಳಕು ಮೂಡದ್ದನ್ನು ನೋಡಿ ಅವಳು ನೆಲದ ಮೇಲಿದ್ದ ಎರಡು ಪಟ್ಟಿಗಳನ್ನು ಎತ್ತಿಕೊಂಡಳು. “ನೋಡು, ಈ ಒಂದು ಫೂಟಿನ ಪಟ್ಟಿ ಹತ್ತಕ್ಕ ಹತ್ತು ಚೊಲೋ ಐತಿ. ಈ ನಾಕು ಫೂಟಿನ ಪಟ್ಟಿ ತುಂಬ ಗಂಟು ಅದಾವ. ಎರಡೂ ಹಚ್ಚಿ ಒಂದು ಕಟ್ಟು ಮಾಡಿದ್ರ ನೋಡಿದವರು ಏನಂತಾರ?”

“ಗಂಟಿನ ಕಟ್ಟು ಅಂತಾರ.”

“ಅದs ಕ್ರೆಡಿಟ್ಟು. ಒಂದು ಫೂಟು ಹತ್ತರದ್ದು, ನಾಕು ಫೂಟು ಆರರದ್ದು, ಒಟ್ಟು ಮೂವತ್ನಾಲ್ಕು. ಐದು ಫೂಟಿಗೆ ಭಾಗಿಸಿದ್ರ ಆರು ಪಾಯಿಂಟ್ ಎಂಟು. ಎಂಟಲ್ಲ.”

ಮೌನೇಶಪ್ಪ ಎರಡೂ ಪಟ್ಟಿಗಳನ್ನು ಕೈಯಲ್ಲಿ ತೂಗಿದ. “ಹಂಗಾದ್ರ ಯೋಗಾನs ನಾಕು ಫೂಟು ಮಾಡಬೇಕಿತ್ತು,” ಅಂದ.

ಎರಡು ವರ್ಷ ನಾನು ಗೋಡೆಯ ಮೇಲೆ, ಕಾಳಿಕಾ ನನ್ನ ಕೆಳಗೆ. ಎಂ.ಎಸ್ಸಿ. ಸೀಟು ಸಿಗಲಿಲ್ಲ. ಅವಳು ಗಾಜು ಕೊಯ್ದಳು, ಪಟ್ಟಿ ಉಜ್ಜಿದಳು, ಯಾರದೋ ಅಜ್ಜನ ಫೋಟೋದ ಹಳದಿ ಕಲೆ ಯಾವ ದ್ರಾವಣಕ್ಕೆ ಹೋಗುತ್ತದೆ ಎಂದು ಗೊತ್ತಿದ್ದದ್ದೇ ಅವಳ ರಸಾಯನಶಾಸ್ತ್ರದ ಉಪಯೋಗವಾಯಿತು. ಆಮೇಲೆ ಒಂದು ದಿನ ಪತ್ರಿಕೆಯಲ್ಲಿ ಜಾಹೀರಾತು ಬಂತು: ಕುಡಿಯುವ ನೀರಿನ ಪರೀಕ್ಷಾ ಪ್ರಯೋಗಾಲಯಗಳಿಗೆ ಆರು ಜನ ವಿಶ್ಲೇಷಕರು ಬೇಕು, ರಸಾಯನಶಾಸ್ತ್ರ ಓದಿರಬೇಕು, ಶೇಕಡಾ ಅರವತ್ತಕ್ಕೆ ಕಡಿಮೆ ಇರಕೂಡದು. ಅವಳು ಆ ತುಂಡನ್ನು ಕತ್ತರಿಸಿ ಅಳತೆಯ ಟೇಪಿನ ಡಬ್ಬಿಯಲ್ಲಿ ಇಟ್ಟುಕೊಂಡಳು. ದಿನಕ್ಕೆ ಹತ್ತು ಸಲ ಟೇಪು ಬೇಕಾಗುತ್ತಿತ್ತು ಅವಳಿಗೆ, ಅಳೆಯುವುದೇನೂ ಇಲ್ಲದಿದ್ದಾಗಲೂ.

ಅರ್ಜಿ ತುಂಬಿದವನು ಪಕ್ಕದ ಸೈಬರ್ ಸೆಂಟರಿನ ಇರ್ಫಾನ್. ಅರ್ಜಿಯಲ್ಲಿ ಸಿಜಿಪಿಎಗೆ ಜಾಗವಿರಲಿಲ್ಲ, ‘ಶೇಕಡಾ’ ಎಂಬ ಒಂದೇ ಚೌಕ. “ಹತ್ತರಿಂದ ಗುಣಿಸೋದು ಅಕ್ಕಾ, ಎಲ್ಲರೂ ಹಂಗs ಮಾಡ್ತಾರ,” ಎಂದು 65.8 ಒತ್ತಿದ. ಆಮೇಲೆ ಸ್ಟೂಲ್ ಹತ್ತಿ, ಗಾಜಿನ ಮೇಲಿಂದಲೇ ಮೊಬೈಲಿನಲ್ಲಿ ನನ್ನ ಚಿತ್ರ ತೆಗೆದು ಕಳಿಸಿದ. ನಾನು ಬೆನ್ನು ತೋರಿಸಲಾರದೆ ಒಳಗೊಳಗೇ ಒದ್ದಾಡಿದೆ. ಬೆನ್ನಿನ ಐದನೇ ಸಾಲಿನಲ್ಲಿ ಬೇರೆಯೇ ಬರೆದಿತ್ತು. ಆದರೆ ಗೋಡೆಗೆ ನೇತುಹಾಕಿದವರ ಮಾತನ್ನು ಯಾರು ಕೇಳುತ್ತಾರೆ?

ಹುಬ್ಬಳ್ಳಿಯ ಕಚೇರಿಯೊಂದರಲ್ಲಿ ಮೂಲ ದಾಖಲೆ ಪರಿಶೀಲನೆಗೆ ಕರೆ ಬಂತು. ಮೂಲ ದಾಖಲೆ ಎಂದರೆ ನಾನು. ನಾನು ಎಂದರೆ ಈಗ ಎರಡೂವರೆ ಅಡಿಯ ಸಾಗವಾನಿ ಕಟ್ಟು. ಮೌನೇಶಪ್ಪ ನನ್ನನ್ನು ಬಿಳಿ ಪಂಚೆಯಲ್ಲಿ ಸುತ್ತಿ ಎದೆಗವಚಿಕೊಂಡು ಬಸ್ ಹತ್ತಿದ. ಹತ್ತಿದ ಕೂಡಲೇ ಇಬ್ಬರು ಎದ್ದು ಸೀಟು ಬಿಟ್ಟುಕೊಟ್ಟರು. ಎದುರಿಗಿದ್ದ ಹೆಂಗಸು ಸೆರಗನ್ನು ಬಾಯಿಗೆ ಹಿಡಿದು ಮೆಲ್ಲಗೆ ಕೇಳಿದಳು:

“ಯಾರ್ರೀ ಹೋದವರು?”

“ಯಾರೂ ಇಲ್ರೀ. ಇದು ನನ್ನ ಮಗಳದು.”

“ಅಯ್ಯೋ ನನ್ನ ಶಿವನೇ! ಎಷ್ಟ ವಯಸ್ಸಾಗಿತ್ರೀ?”

ಕಿಟಕಿಯ ಬಳಿಯಿಂದ ಕಾಳಿಕಾ ಅಂದಳು, “ಇಪ್ಪತ್ಮೂರರೀ. ನಾನs ಆ ಮಗಳು.”

ಕಚೇರಿಯ ಕೌಂಟರಿನಲ್ಲಿ ಕೂತಿದ್ದವರು ವತ್ಸಲಾ ಮೇಡಂ. ಮೂಗಿನ ಮೇಲೆ ಕನ್ನಡಕ, ಕೊರಳಲ್ಲಿ ಇನ್ನೊಂದು. ಇರ್ಫಾನ್ ಕಳಿಸಿದ ಚಿತ್ರದ ಮುದ್ರಿತ ಪ್ರತಿ ಅವರ ಮುಂದಿತ್ತು.

“ಈ ಮಾರ್ಕ್ಸ್ ಕಾರ್ಡಿನ ಒಳಗ ಒಬ್ಬ ಗಂಡಸು ನಿಂತಾನಲ್ಲಮ್ಮಾ, ಯಾರಿಂವ? ನಿಮ್ಮ ಕುಲಪತಿಗಳೇನು?”

ಗಾಜಿನಲ್ಲಿ ಬಿದ್ದಿದ್ದ ಇರ್ಫಾನನ ಪ್ರತಿಬಿಂಬ ನನ್ನ ಐದನೇ ಸೆಮಿಸ್ಟರಿನ ಮೇಲೆ ಮೊಬೈಲ್ ಹಿಡಿದು ನಿಂತಿತ್ತು. “ಸೈಬರ್ ಸೆಂಟರಿನ ಅಣ್ಣಾರೀ,” ಅಂದಳು ಕಾಳಿಕಾ.

“ಅರವತ್ತೈದು ಪಾಯಿಂಟ್ ಎಂಟು ಹೆಂಗ ಬಂತು?”

“ಹತ್ತರಿಂದ ಗುಣಿಸಿದ್ವಿ ಮೇಡಂ.”

“ಯಾರು ಹೇಳಿದ್ರು?”

ಕಾಳಿಕಾ ಮತ್ತೆ ಆ ಪ್ರತಿಬಿಂಬದ ಕಡೆಗೇ ನೋಡಿದಳು.

ಮೇಡಂ ಕನ್ನಡಕ ಬದಲಿಸಿದರು. “ಒಂದೊಂದು ಯೂನಿವರ್ಸಿಟಿ ಒಂದೊಂದು ತರಾ ನೋಡವ್ವಾ. ಕೆಲವರು ಸಿಜಿಪಿಎದಾಗ ಅರ್ಧ ಕಳದು ಹತ್ತರಿಂದ ಗುಣಸ್ತಾರ, ಕೆಲವರು ಮುಕ್ಕಾಲು ಕಳೀತಾರ. ಅದೂ ಬ್ಯಾಚಿಗೊಂದು ಬದಲಾಗತೈತಿ. ನಿನ್ನ ಬ್ಯಾಚಿಂದು ನಿನ್ನ ಕಾರ್ಡಿನ ಬೆನ್ನಿಗೆ ಬರದಿರತಾರ. ತಿರುಗಿಸು.”

ಮೌನೇಶಪ್ಪ ಹೆಮ್ಮೆಯಿಂದ ತಿರುಗಿಸಿದ. ಹಲಗೆಯ ಮೇಲೆ ಅಂಗಡಿಯ ಹೆಸರು, ಫೋನ್ ನಂಬರ್, ‘ಮದುವೆ ಫೋಟೋಗಳಿಗೆ ವಿಶೇಷ ರಿಯಾಯಿತಿ’.

ಕಾಳಿಕಾಳ ತುಟಿ ಅಲುಗುವುದು ನನಗೆ ಕೆಳಗಿನಿಂದ ಕಾಣುತ್ತಿತ್ತು. ಲೆಕ್ಕ ಮಾಡುತ್ತಿದ್ದಳು. ಅರ್ಧ ಕಳೆದರೆ 60.8, ಒಳಗೆ. ಮುಕ್ಕಾಲು ಕಳೆದರೆ 58.3, ಹೊರಗೆ. ನಡುವೆ ಇರುವುದು ನಾನು, ನನ್ನ ಬೆನ್ನು, ಅಪ್ಪನ ಅಂಟು.

“ಯೂನಿವರ್ಸಿಟಿಯಿಂದ ಪತ್ರ ತರತೀನಿ ಮೇಡಂ.”

“ಹದಿನೈದು ದಿನ ಹಿಡೀತೈತಿ. ಈ ಕೌಂಟರ್ ಇವತ್ತ ನಾಲ್ಕೂವರಿಗೆ ಬಂದ್. ಮೂಲ ಕಾರ್ಡಿನ ಬೆನ್ನು ತೋರಸು, ಇಲ್ಲಾ ಅಂದ್ರ ನಾ ಏನೂ ಮಾಡಾಕಾಗೂದಿಲ್ಲ.”

ಆಗ ಗಂಟೆ ಮೂರೂ ಹತ್ತು. ಅಪ್ಪ ಮಗಳು ರಸ್ತೆಗೆ ಬಂದರು. ಮೌನೇಶಪ್ಪನ ಮುಖ ನಾನು ಎಂದೂ ನೋಡದ ಬಣ್ಣಕ್ಕೆ ತಿರುಗಿತ್ತು. “ಅದು ಬಿಡಂಗಿಲ್ಲ ಯವ್ವಾ. ನನ್ನ ಅಂಟು ಬಿಟ್ಟಿದ್ದು ಇಲ್ಲೀತನ ಯಾರೂ ನೋಡಿಲ್ಲ.” ಅದನ್ನು ಹೇಳುವಾಗ ಅವನಿಗೆ ಹೆಮ್ಮೆಪಡಬೇಕೋ ಅಳಬೇಕೋ ತಿಳಿಯಲಿಲ್ಲ.

ಕಾಳಿಕಾ ಎದುರಿಗಿನ ಚಿಕ್ಕ ಹೋಟೆಲಿನ ಕಡೆ ನೋಡುತ್ತಿದ್ದಳು. “ಅಂಟಿನಾಗ ಮೈದಾ ಐತಿ ಅಲ್ಲಪ್ಪಾ? ಮೈದಾ ಅಂದ್ರ ಪಿಷ್ಟ. ಪಿಷ್ಟ ಬಿಸಿ ಹಬೆಗೆ ನೀರು ಕುಡದು ಉಬ್ಬತೈತಿ, ಸಡಲ ಆಗತೈತಿ. ಕಾರ್ಡಿನ ಮುಂದಿನ ಅಕ್ಷರ ಪ್ರಿಂಟರಿನ ಪುಡಿಯವು, ಬೆನ್ನಿನವು ಅಚ್ಚಿನ ಎಣ್ಣಿ ಮಸಿಯವು, ಎರಡೂ ನೀರಿಗೆ ಹರಡಂಗಿಲ್ಲ. ನಡಿ.”

ಹೋಟೆಲಿನ ಚೆನ್ನವ್ವ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದುಕೊಟ್ಟಳು, ಆದರೆ ಸುಮ್ಮನೆ ಕೊಡಲಿಲ್ಲ. “ಮಾರ್ಕ್ಸ್ ಕಡಿಮಿ ಬಂದ್ರ ಮಕ್ಕಳನ್ನ ಬೇಸೋರನ್ನ ನೋಡೀನಿ, ಕಾರ್ಡನ್ನs ಬೇಸೋರನ್ನ ಇವತ್ತs ನೋಡಿದ್ದು.”

ಗಾಜು, ಕಟ್ಟು ಕಳಚಿದರು. ನಾನು ಹಲಗೆಯೊಂದಿಗೆ ಹಬೆಯ ಮೇಲೆ ಮಲಗಿದೆ. ಮೈಯೆಲ್ಲ ಬೆವರಿತು. ರಸಾಯನಶಾಸ್ತ್ರದಲ್ಲಿ ಅವಳಿಗೆ ಆರು ಎಂದು ನನ್ನ ಹೊಟ್ಟೆಯಲ್ಲೇ ಬರೆದಿದೆ; ಆ ಇಪ್ಪತ್ತು ನಿಮಿಷ ನನ್ನನ್ನು ಕೇಳಿದ್ದರೆ ಹತ್ತು ಕೊಡುತ್ತಿದ್ದೆ. ಅಂಚುಗಳು ಏಳತೊಡಗಿದವು. ಮೌನೇಶಪ್ಪ ತೆಳುವಾದ ಅಲಗನ್ನು ಒಳಗೆ ತೂರಿಸಿ, ಉಸಿರು ಕಟ್ಟಿ, ಮಗುವನ್ನು ಮಗ್ಗುಲು ಹೊರಳಿಸಿದಂತೆ ನನ್ನನ್ನು ಬಿಡಿಸುತ್ತ ಬಂದ. ಒಂದು ಸಾಲು, ಎರಡು, ಮೂರು, ನಾಲ್ಕು. ಐದನೆಯದರಲ್ಲಿ ಚರ್ ಎಂದು ಸದ್ದಾಯಿತು.

ನನ್ನ ಬೆನ್ನಿನ ತೊಗಲಿನ ಒಂದು ಪಟ್ಟಿ ಹಲಗೆಯಲ್ಲೇ ಉಳಿಯಿತು. ನನ್ನ ಮೇಲೆ ಉಳಿದದ್ದು ಇಷ್ಟು: ‘ಶೇಕಡಾವಾರು = (ಸಿಜಿಪಿಎ − 0.’ ಅದರಾಚೆ ಬರೀ ಬಿಳಿ ಗಾಯ.

ಮೌನೇಶಪ್ಪ ಅಲಗನ್ನು ಕೆಳಗಿಟ್ಟು ಗೋಡೆಗೆ ಮುಖ ಮಾಡಿ ನಿಂತ. “ಊರ ಮಂದಿದು ಎಲ್ಲಾ ನೆಟ್ಟಗ ಮಾಡಿಕೊಟ್ಟೆ,” ಅಂದ.

“ಅಪ್ಪಾ, ಅದು ಹೋಗಿಲ್ಲ. ಹಲಗಿ ಮ್ಯಾಲೆ ಬೋರಲಾಗಿ ಬಿದ್ದೈತಿ,” ಎಂದಳು ಕಾಳಿಕಾ. ಬೆರಳನ್ನು ನೀರಲ್ಲಿ ಅದ್ದಿ ಆ ಪಟ್ಟಿಯ ಮೇಲೆ ಒತ್ತಿದಳು. ತೆಳು ಕಾಗದ ನೆನೆದು ಅರೆಪಾರದರ್ಶಕವಾಯಿತು. ಅಡಿಯ ಅಕ್ಷರಗಳು ಮಸುಕಾಗಿ, ತಿರುವುಮುರುವಾಗಿ ಮೇಲೆ ಕಂಡವು. “ಮೇಡಂ ಮುಂದನs ಓದೋಣು. ಓಡು!”

ನಾಲ್ಕೂ ಇಪ್ಪತ್ತಕ್ಕೆ ನಾನು ಒದ್ದೆ ಬಟ್ಟೆಯಂತೆ ಅವಳ ಎರಡು ಬೆರಳಲ್ಲಿ ನೇತಾಡುತ್ತ, ಹಲಗೆ ಮೌನೇಶಪ್ಪನ ನೆತ್ತಿಯ ಮೇಲೆ, ಕೌಂಟರು ತಲುಪಿದೆವು. ಸಾಲಿನಲ್ಲಿದ್ದವರು ಜಾಗ ಬಿಟ್ಟರು. ಮೇಡಂ ನನ್ನನ್ನು ನೋಡಿದರು, ಹಲಗೆಯನ್ನು ನೋಡಿದರು, ಎರಡೂ ಕನ್ನಡಕ ಹಾಕಿ ನೋಡಿದರು. ಕೊನೆಗೆ ತಮ್ಮ ಪರ್ಸಿನಿಂದ ಪೌಡರಿನ ಪುಟ್ಟ ಕನ್ನಡಿ ತೆಗೆದು ಹಲಗೆಗೆ ಹಿಡಿದರು. ಸಾಲಿನ ಜನವೆಲ್ಲ ಕೌಂಟರಿನ ಮೇಲೆ ಬಾಗಿತು.

“ಐದು,” ಎಂದರು ಮೇಡಂ. “ಐದು, ಬ್ರ್ಯಾಕೆಟ್ ಮುಗೀತು, ಇಂಟು ಹತ್ತು.”

“ಅಂದ್ರ ಏನ್ರೀ?” ಮೌನೇಶಪ್ಪ ಕೇಳಿದ.

“ಅರ್ಧ ಕಳೀಬೇಕು ಅಂತ. ಅರವತ್ತು ಪಾಯಿಂಟ್ ಎಂಟು.” 65.8ರ ಮೇಲೆ ಗೀಟೆಳೆದು, ಸರಿಯಾದದ್ದನ್ನು ಬರೆದು ಸಹಿ ಮಾಡಿದರು. ಆಮೇಲೆ ಯೋಚಿಸಿ, “ನಿಯಮ ಅರ್ಧ ಕಾಗದದ ಮ್ಯಾಲೈತಿ, ಅರ್ಧ ಹಲಗಿ ಮ್ಯಾಲೈತಿ. ಎರಡಕ್ಕೂ ಬೇಕು,” ಎಂದು ‘ಮೂಲದೊಂದಿಗೆ ಪರಿಶೀಲಿಸಿದೆ’ ಎಂಬ ಮೊಹರನ್ನು ನನ್ನ ಮೇಲೊಮ್ಮೆ, ಪ್ಲೈವುಡ್ಡಿನ ಮೇಲೊಮ್ಮೆ ಧಡ್ ಧಡ್ ಎಂದು ಒತ್ತಿದರು. ಸಾಲಿನಲ್ಲಿ ಯಾರೋ ಚಪ್ಪಾಳೆ ಹೊಡೆದರು.

ನಮ್ಮ ಹಿಂದೆ ನಿಂತಿದ್ದ ಹುಡುಗಿಯ ಸರದಿ ಬಂತು. ಅವಳ ಕೈಯಲ್ಲೂ ನನ್ನದೇ ಬ್ಯಾಚಿನ ಅಂಕಪಟ್ಟಿ, ಪಾರದರ್ಶಕ ಚೀಲದಲ್ಲಿ, ಮೂಲೆಯೂ ಮಡಚದೆ. ಏಳೂ ಸಾಲು ಸ್ವಚ್ಛವಾಗಿದ್ದವು. ನಾವು ಒಮ್ಮೆ ಕೇಳಿದ್ದರೆ ಗುಟ್ಟು ಅಲ್ಲೇ ತಿಳಿಯುತ್ತಿತ್ತು. ಮೇಡಂಗೆ ಬೇಕಾದದ್ದು ನನ್ನ ಬೆನ್ನೇ ಆದ್ದರಿಂದ ಬೇಯುವುದು ಮಾತ್ರ ತಪ್ಪುತ್ತಿರಲಿಲ್ಲ. ಅವಳೂ ಹತ್ತರಿಂದ ಗುಣಿಸಿ 64.9 ಎಂದು ಬರೆದಿದ್ದಳು. ಅವಳ ಸಿಜಿಪಿಎ 6.49. ಮೇಡಂ ಹಾಳೆ ತಿರುಗಿಸಿದರು, ಅರ್ಧ ಕಳೆದರು, ಪೆನ್ನು ನಿಲ್ಲಿಸಿದರು.

“ಐವತ್ತೊಂಬತ್ತು ಪಾಯಿಂಟ್ ಒಂಬತ್ತು.”

“ಮೇಡಂ, ಒಂದು ಮಾರ್ಕೂ ಅಲ್ರೀ. ಒಂದರಾಗಿನ ಹತ್ತನೇ ಪಾಲು.”

“ಗೊತ್ತೈತಿ ಯವ್ವಾ. ರೌಂಡ್ ಮಾಡೋ ಅಧಿಕಾರ ನನಗಿಲ್ಲ.”

ಹುಡುಗಿ ಅಂಕಪಟ್ಟಿಯನ್ನು ಚೀಲದೊಳಗೆ ನೆಟ್ಟಗೆ ಕೂರಿಸಿ, ಗುಂಡಿ ಒತ್ತಿ, ಮೆಟ್ಟಿಲು ಇಳಿದು ಹೋದಳು. ಕಾಳಿಕಾ ಅವಳನ್ನು ಕರೆಯಲು ಬಾಯಿ ತೆರೆದಳು. ಏನೆಂದು ಕರೆಯುವುದು? ಹೆಸರೂ ಗೊತ್ತಿರಲಿಲ್ಲ.

ಆರು ಜನರ ಪಟ್ಟಿಯಲ್ಲಿ ಕಾಳಿಕಾ ಆರನೆಯವಳಾದಳು. ಈಗ ಹನ್ನೊಂದು ವರ್ಷಗಳಿಂದ ನಾನು ಅವಳ ಪ್ರಯೋಗಾಲಯದ ಮೇಜಿನ ಕೆಳಗಿನ ಡ್ರಾದಲ್ಲಿ, ಕಂದು ಲಕೋಟೆಯೊಳಗೆ ಇದ್ದೇನೆ. ನನ್ನ ಬೆನ್ನು ಒಣಗಿ ಉಬ್ಬುತಗ್ಗಾಗಿದೆ. ಈಗಿನ ಮಕ್ಕಳ ಅಂಕಪಟ್ಟಿಗಳು ಮೊಬೈಲಿನಲ್ಲೇ ಹುಟ್ಟಿ ಅಲ್ಲೇ ಇರುತ್ತವಂತೆ. ಅವುಗಳಿಗೆ ಬೆನ್ನು ಎಲ್ಲಿರುತ್ತದೋ ನನಗೆ ತಿಳಿಯದು.

ಡ್ರಾ ತೆರೆದಾಗಲೆಲ್ಲ ಅವಳ ವರದಿಗಳು ಕಣ್ಣಿಗೆ ಬೀಳುತ್ತವೆ. ಅಲ್ಲಿ ಪ್ರತಿ ಸಂಖ್ಯೆಯ ಮುಂದೆ ಕೂಡಿಸು-ಕಳೆ ಎಂಬ ಜೋಡಿ ಚಿಹ್ನೆ, ಅದರ ಮುಂದೆ ಇನ್ನೊಂದು ಚಿಕ್ಕ ಸಂಖ್ಯೆ. ಒಬ್ಬ ಪಂಚಾಯ್ತಿ ಕಾರ್ಯದರ್ಶಿ ಅದೇನೆಂದು ಕೇಳಿದಾಗ ಅವಳು ಹೇಳಿದ್ದಳು: “ಅಳೆಯೋರು ಮನುಷ್ಯರs ಅಲ್ಲೇನ್ರೀ? ಇಷ್ಟು ಹೆಚ್ಚುಕಮ್ಮಿ ಆಗಿರಬಹುದು ಅಂತ ಮೊದಲs ಒಪ್ಪಿಕೊಳ್ಳೂದು.”

ನನ್ನನ್ನು ತುಂಬಿದವರು ಹಾಗೆ ಒಪ್ಪಿಕೊಂಡಿರಲಿಲ್ಲ. ಮೂವತ್ತಾರು ಉತ್ತರಪತ್ರಿಕೆಗಳು, ಮೂವತ್ತಾರು ಮೌಲ್ಯಮಾಪಕರು. ಊಟಕ್ಕೆ ಮುಂಚೆ ತಿದ್ದಿದವರು ಕೆಲವರು, ಊಟವಾದ ಮೇಲೆ ತಿದ್ದಿದವರು ಕೆಲವರು. ಎಲ್ಲವನ್ನೂ ಕೂಡಿಸಿ, ಗುಣಿಸಿ, ಭಾಗಿಸಿ, ದಶಾಂಶದ ಎರಡನೇ ಮನೆಯವರೆಗೆ ಹೋಗಿ ನಿಂತರು. 6.58ರ ಮುಂದೆ ಒಂದು ಕೂಡಿಸು-ಕಳೆ ಹಾಕಿದ್ದರೆ ನಾನೂ ಆ ಪಾರದರ್ಶಕ ಚೀಲದ ಹಾಳೆಯೂ ಒಂದೇ ಎಂದು ಯಾರಿಗಾದರೂ ಕಾಣುತ್ತಿತ್ತು. ಹಾಗಾಗಿದ್ದರೆ ಕಾಳಿಕಾ ಇಲ್ಲಿ ಇರುತ್ತಿದ್ದಳೋ ಇಲ್ಲವೋ, ಅದೂ ನನಗೆ ತಿಳಿಯದು. ನಾನು ಗೆದ್ದ ಹಾಳೆ. ಆದರೂ ಈ ಲೆಕ್ಕ ನನಗೆ ಇನ್ನೂ ಸರಿಹೋಗಿಲ್ಲ.

ಈ ಹೊತ್ತು ಡ್ರಾ ಅರ್ಧ ತೆರೆದಿದೆ. ಮೇಜಿನ ಮೇಲೆ ಯಾವುದೋ ಹಳ್ಳಿಯ ಬಾವಿಯ ನೀರು. ಫ್ಲೋರೈಡು ಮಿತಿಗಿಂತ ಒಂದು ಕೂದಲಿನಷ್ಟು ಹೆಚ್ಚು ಬಂದಿದೆ. ‘ಕುಡಿಯಲು ಯೋಗ್ಯವಲ್ಲ’ ಎಂದು ಬರೆದು ಮೊಹರು ಹಾಕಿದರೆ ಕೆಲಸ ಮುಗಿಯಿತು. ಕಾಳಿಕಾ ಹಾಕಿಲ್ಲ. ಬಾಟಲಿಯನ್ನು ಬೆಳಕಿಗೆ ಹಿಡಿದು, ಹೊಸ ನಳಿಕೆ ತೆಗೆದುಕೊಂಡು, ಮೂರನೆಯ ಸಲ ಅಳೆಯುತ್ತಿದ್ದಾಳೆ.