ಹಾಲೆರೆಯುವ ಕೈ

ಬಸ್ಸಮ್ಮ ಮೊರದಲ್ಲಿ ಈಸಲು ಹುಳು ಕೇರುತ್ತಿದ್ದಳು. ನಿನ್ನೆ ಮಳೆ ನಿಂತ ಮೇಲೆ ಹುತ್ತದಿಂದ ಎದ್ದ ರೆಕ್ಕೆಯ ಗೆದ್ದಲು ಅವು, ಹುರಿದಾಗಿತ್ತು. ಕಾಳು ಒಂದು ಕಡೆ ಕೂಡಿದಂತೆ ಹುಳುಗಳು ಕೂಡಿ, ರೆಕ್ಕೆಗಳು ಹೊಟ್ಟಿನಂತೆ ಹಾರುತ್ತಿದ್ದವು. ಮಸ್ಕಿ ಸಂತೆಯ ಬಸ್ಸಿನ ಹೊತ್ತು. ಶಾಲೆಗೆಂದು ಇಲ್ಲೇ ಬೆಳೆಯುತ್ತಿದ್ದ ಮಗಳ ಮಗಳು ಅಂಬಿಕಾ ಒಳಗಿನಿಂದ ಕೂಗಿದಳು.

"ಆಯೀ, ಮುತ್ಯಾ ಚಾ ಕುಡಿಯಾಕ ಏಳವಲ್ಲ. ಕೈ ತಣ್ಣಗಾಗ್ಯಾವ."

ಮಧ್ಯಾಹ್ನಕ್ಕೆ ಪಾಮನಕಲ್ಲೂರಿನ ಆ ಅಂಗಳ ತುಂಬಿತು. ಬಸ್ಸಮ್ಮನ ಗಂಡ ವಿರೂಪಾಕ್ಷಪ್ಪನನ್ನು ಗೋಡೆಗೆ ಆನಿಸಿ ಕೂರಿಸಿ ಹಾರ ಹಾಕಿದ್ದರು. ಲಿಂಗಸುಗೂರಿನಿಂದ ಮಗಳು ಬರುವುದೊಂದು ಬಾಕಿ. ಸಂತೆಯಲ್ಲಿ ಅವಳ ಪಕ್ಕದಲ್ಲೇ ಮಂಡಕ್ಕಿ ಮಾರುವ ಮೈಮುನಾಬಿ ಗೆಳತಿಯ ಬೆನ್ನ ಮೇಲೆ ಕೈಯಿಟ್ಟು ಕೂತಿದ್ದಳು.

"ಏನ್ ಹುಳ ಹಿಡೀತಿದ್ದ ಮಾರಾಯ! ಮೋಡ ನೋಡಿ, ಇಂಥಾ ಹುತ್ತ ಏಳ್ತೈತಿ ಅಂತಿದ್ದ" ಎಂದ ಓಣಿಯ ಹಿರಿಯ ಹುಲಗಪ್ಪ.

"ಅಂತಿದ್ದ ಬಿಡಪಾ. ಹುರದದ್ದು ಮುಕ್ಕೂದರಾಗ ನಿಂದ ಮುಂದ ಕೈ" ಎಂದಳು ಮೈಮುನಾಬಿ. ಅಳುವ ಹೆಂಗಸರೂ ನಕ್ಕುಬಿಟ್ಟರು.

ಮೈದುನನ ಮಗ ಗಂಗಾಧರ ಗಂಟಲು ಸರಿಮಾಡಿಕೊಂಡ. "ಹಿರಿಯಾರು ಅದೀರಿ, ಒಂದ್ ಮಾತು ಆಗಿಬಿಡ್ಲಿ. ಈ ಮನ್ಯಾಗ ಗಂಡಸಿಲ್ಲ. ದೊಡ್ಡಪ್ಪ ಹುಳ ಹಿಡೀತಿದ್ದ ದಿಬ್ಬದ ಹುತ್ತ ಇನ್ನ ನಾ ನೋಡ್ಕೊಂತೀನಿ. ದೊಡ್ಡವ್ವ ಹುರೀಲಿ, ಮಾರಲಿ. ಕೂಲಿ ಕೊಡ್ತೀನಿ."

"ಖರೇ ಐತಿ" ಎಂದ ಹುಲಗಪ್ಪ. "ಪಂಚಮಿಗೆ ಹಾಲೆರೆಯೋ ಕೈ ಹುತ್ತ ಒಡೀಬಾರದು. ಅದು ಗಂಡಸರ ಕೆಲಸ."

"ಮಣ್ಣು ಕೊಡಾಕ ಬಂದಿಯೋ, ಪಾಲು ಕೇಳಾಕ ಬಂದಿಯೋ, ಗಂಗಣ್ಣಾ?"

ಮೈಮುನಾಬಿಯ ಮಾತಿಗೆ ಗಂಗಾಧರ ಮುಖ ತಿರುಗಿಸಿದ. ಸುಮ್ಮನಿದ್ದರೆ ನಾಳೆಯಿಂದ ಬಸ್ಸಮ್ಮ ಕೂಲಿಯವಳು. ಮಾತಾಡಿದರೆ, ಗೋಡೆಗೆ ಆನಿಕೊಂಡವನ ಹೆಸರು ಅವನಿಗಿಂತ ಮೊದಲೇ ಮಣ್ಣಿಗೆ ಹೋಗುತ್ತದೆ.

*

ಮೂರು ಮಳೆಗಾಲದ ಹಿಂದೆ ವಿರೂಪಾಕ್ಷಪ್ಪನ ಕಣ್ಣು ಮಂಜಾಗಿದ್ದವು. ಹೊತ್ತು ಇಳಿದರೆ ಹುತ್ತ ಯಾವುದು, ಕಲ್ಲು ಯಾವುದು ತಿಳಿಯದು.

"ಮಂದಿಗೆ ಗೊತ್ತಾದ್ರ ನಾ ತಲಿ ಎತ್ತಂಗಿಲ್ಲ, ಬಸ್ಸೀ."

ಬಸ್ಸಮ್ಮ ಅವನ ಅಂಗಿ ತೊಟ್ಟು, ರುಮಾಲು ಸುತ್ತಿಕೊಂಡು ದಿಬ್ಬ ಹತ್ತಿದಳು. ಹುತ್ತ ಕೆದರಿ, ಅದರ ಬಾಯಲ್ಲಿ ಗಡಿಗೆ ಹೂತು, ಕಂಬಳಿ ಹೊದಿಸಿ, ಒಳಗೆ ಬ್ಯಾಟರಿ ಹಚ್ಚಿದಳು. ಬೆಳಕಿಗೆ ಎದ್ದ ಹುಳುಗಳು ಗಡಿಗೆಯೊಳಗೆ ಸುರಿದವು. ಬದುವಿನ ಮೇಲೆ ಮೊಮ್ಮಗಳ ಕೈ ಹಿಡಿದು ಕೂತಿದ್ದ ವಿರೂಪಾಕ್ಷಪ್ಪ ಆ ಸಪ್ಪಳ ಕೇಳಿಯೇ ಹಿಗ್ಗಿದ.

"ನನಗಿಂತ ಚಲೋ ಹಿಡೀತೀಯಲ್ಲ!"

ಸ್ವಲ್ಪ ತಡೆದು, ಇಬ್ಬರಿಗೂ ಅಂದ: "ಯಾರ ಮುಂದೂ ಅನಬ್ಯಾಡ್ರಿ."

*

ಮಗಳು ಬಂದು, ಅಪ್ಪನ ಪಾದ ಹಿಡಿದು ಅತ್ತಳು. ಹೆಣ ಎತ್ತಲು ಜನ ಎದ್ದರು.

"ದೊಡ್ಡವ್ವ, ಹೂಂ ಅಂದ್ಬಿಡು. ಎಲ್ಲಾರೂ ಕೇಳ್ಲಿ" ಎಂದ ಗಂಗಾಧರ.

ಬಸ್ಸಮ್ಮ ಗಂಡನ ಮುಖ ನೋಡಿದಳು. ವಿಭೂತಿ ಹಚ್ಚಿದ ಹಣೆ, ಅರೆಮುಚ್ಚಿದ ಕಣ್ಣು. 'ಹೂಂ' ಎನ್ನಲು ಅವಳ ತುಟಿ ತೆರೆದವು.

ಅಂಬಿಕಾ ಅಜ್ಜಿಯನ್ನು ನೋಡಿದಳು, ಮುತ್ಯಾನನ್ನು ನೋಡಿದಳು. ಮೂರು ಮಳೆಗಾಲದಿಂದ ಕಚ್ಚಿ ಹಿಡಿದ ಮಾತು ಅಂಗಳಕ್ಕೆಲ್ಲ ಕೇಳುವಂತೆ ಹೊರಬಿತ್ತು. ಹೆಣ ಎತ್ತಲು ಬಗ್ಗಿದವರು ಬಗ್ಗಿದಂತೆಯೇ ನಿಂತರು.

"ಆಯೀ, ಹುಳ ಹಿಡೀತಿದ್ದಾಕಿ ನೀನ ಅಲ್ಲೇನು?"