ಹಾಯಿಕಂಬಕ್ಕೆ ಸುಣ್ಣ

ಹಾಯಿಕಂಬ ಕಮಲಾಪುರಕ್ಕೆ ಬಂದ ದಿನ ಹುಮನಾಬಾದ್ ರಸ್ತೆಯ ಚಹಾದಂಗಡಿಯವರೆಲ್ಲ ಎದ್ದು ನಿಂತು ನೋಡಿದರು. ತುದಿಗೆ ಕೆಂಪು ಬಟ್ಟೆ ಕಟ್ಟಿದ್ದ ಅಲ್ಯೂಮಿನಿಯಂ ಕಂಬ ಲಾರಿಯಿಂದ ಬಹುದೂರ ಹೊರಚಾಚಿತ್ತು. ಇಳಿಸುವಾಗ ಲಾರಿ ಚಾಲಕ ಪೀರಪ್ಪ, “ಮೇಡಂ, ಕಂಬ ಅಂತೂ ಬಂತು. ಸಮುದ್ರ ಯಾವಾಗ ತರಸ್ತೀರಿ?” ಎಂದು ಶುಭದಾಳನ್ನು ಕೇಳಿದ.

ಸಮುದ್ರ ರತ್ನಾಗಿರಿಯಲ್ಲಿತ್ತು. ಶುಭದಾಳ ತಮ್ಮ ಅತುಲ ಅಲ್ಲೊಂದು ಹಾಯಿದೋಣಿಯ ಕ್ಯಾಪ್ಟನ್. ಏಪ್ರಿಲ್ ಕೊನೆಯ ಒಂದು ಸಂಜೆ ಸಿಡಿಲು ಆ ದೋಣಿಯ ಕಂಬದ ನೆತ್ತಿಗೇ ಬಡಿದಿತ್ತು. ಮೇಲಿನ ಆಂಟೆನಾ ಕರಗಿ ಹನಿಹನಿಯಾಗಿ ಉದುರಿತ್ತು. ಕೆಳಗಿದ್ದ ನಾಲ್ವರಿಗೆ ಏನೂ ಆಗಿರಲಿಲ್ಲ. ಸಿಡಿಲನ್ನು ತಾನು ನುಂಗಿ ನೀರಿಗೆ ದಾಟಿಸಿದ ಕಂಬವನ್ನು ಅತುಲ ಇಷ್ಟು ದೂರ ಕಳಿಸಿದ್ದು ಇಬ್ಬರನ್ನು ನಂಬಿ. ಒಬ್ಬಳು, ಕಲಬುರಗಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಲೋಹಶಾಸ್ತ್ರ ಕಲಿಸುವ ಅಕ್ಕ. ಇನ್ನೊಬ್ಬ, ಗೋವೆಯ ದೋಣಿ ಕಾರ್ಖಾನೆಯಲ್ಲಿ ವೆಲ್ಡಿಂಗ್ ಮಾಡಿ, ಈಗ ಸ್ವಂತ ಊರು ಕಮಲಾಪುರದಲ್ಲಿ ವರ್ಕ್‌ಶಾಪ್ ಇಟ್ಟಿರುವ ಗೆಳೆಯ ಆನಂದಕುಮಾರ.

ಇಬ್ಬರೂ ಹಳೆಯ ಬಣ್ಣ ಕೆರೆದು ಕಂಬವನ್ನು ಬುಡದಿಂದ ತುದಿಯವರೆಗೆ ನೋಡಿದರು. ಸುಟ್ಟ ತುದಿಯನ್ನು ಕತ್ತರಿಸಿ ಹೊಸದು ಕೂರಿಸಿದರು. ನಡುವೆ, ಅಡ್ಡತೋಳುಗಳನ್ನು ಬಿಗಿಯುವ ಬೋಲ್ಟಿನ ರಂಧ್ರದ ಸುತ್ತ, ಸಾಸಿವೆ ಕಾಳಿನಷ್ಟು ಒಂದೆರಡು ಗುಳಿಗಳಿದ್ದವು. ಸಿಡಿಲು ಬೋಲ್ಟಿನ ಸ್ಟೀಲಿನಿಂದ ಕಂಬದ ಅಲ್ಯೂಮಿನಿಯಂಗೆ ಹಾರುವಾಗ ಇಂಥ ಗುರುತು ಬಿಡುತ್ತದೆ. ಶುಭದಾ ಭೂತಗನ್ನಡಿ ಹಿಡಿದು ನೋಡಿದಳು, ಮರದ ಸುತ್ತಿಗೆಯಿಂದ ತಟ್ಟಿ ಕೇಳಿದಳು. ಬಿರುಕು ಸಿಗಲಿಲ್ಲ. ಕಣ್ಣಿಗೆ ಕಾಣದ ಬಿರುಕನ್ನು ತೋರಿಸುವ ಬಣ್ಣದ ದ್ರಾವಣ ಹೈದರಾಬಾದಿನಿಂದ ಬರಬೇಕಿತ್ತು, ಬಂದಿರಲಿಲ್ಲ.

ಅತುಲ ಫೋನಿನಲ್ಲಿ ಅವಸರ ಮಾಡಿದ. “ಅಕ್ಕಾ, ಮಳಿಗಾಲ ಹಿಡಿಯೂದ್ರಾಗ ನಾ ಕೊಚ್ಚಿ ಮುಟ್ಟಬೇಕು. ನಿನ್ನ ಕಣ್ಣಿಗೆ ಏನೂ ಕಾಣಲಿಲ್ಲಾ? ಹಂಗಾದ್ರ ಕಳಸು.”

“ಕಾಣಲಿಲ್ಲ ಅಂದ್ರ ಇಲ್ಲಂತ ಅಲ್ಲೋ.”

“ನೀ ಪರೀಕ್ಷಾದಾಗ ಹುಡುಗರಿಗೂ ಹಿಂಗ ಮಾರ್ಕ್ಸ್ ಕೊಡ್ತೀ ಏನು?”

ಅವಳು ನಕ್ಕಳು. ನಾಳೆ ಬೆಳಿಗ್ಗೆ ಕಳಿಸುವುದಾಗಿ ಹೇಳಿ, ಕಲಬುರಗಿಯ ಸೇಡಂ ರಸ್ತೆಯ ತನ್ನ ಮನೆಗೆ ಹೊರಟಳು.

ಮರುದಿನ ಬುದ್ಧ ಪೂರ್ಣಿಮೆ. ಶುಭದಾ ವರ್ಕ್‌ಶಾಪಿನ ಅಂಗಳಕ್ಕೆ ಬಂದಾಗ ಪೀರಪ್ಪನ ಲಾರಿ ನಿಂತಿತ್ತು, ಆನಂದಕುಮಾರನ ಕೂಗು ಬೀದಿಗೆ ಕೇಳಿಸುತ್ತಿತ್ತು.

“ಯವ್ವಾ, ಇದೇನ್ ಮಾಡಿಟ್ಟೀ! ಅಲ್ಯೂಮಿನಿಯಂಗೆ ಯಾರರ ಸುಣ್ಣಾ ಹಚ್ತಾರೇನು? ತಿಂದು ಹಾಕ್ತದ ಅದು!”

ಹಾಯಿಕಂಬ ಬುಡದಿಂದ ತುದಿಯವರೆಗೆ ಬೆಳ್ಳಗಾಗಿತ್ತು. ಪಕ್ಕದಲ್ಲಿ ಆನಂದಕುಮಾರನ ತಾಯಿ ಶೇವಂತಾ ಸೊಂಟಕ್ಕೆ ಸೆರಗು ಸಿಕ್ಕಿಸಿ, ಪುಂಡಿನಾರಿನ ಕುಂಚ ಹಿಡಿದು ನಿಂತಿದ್ದಳು. ಪೂರ್ಣಿಮೆಗೆ ಊರಿನ ಬುದ್ಧವಿಹಾರದ ಧ್ವಜದ ಕಂಬ ತೊಳೆದು ಸುಣ್ಣ ಬಳಿಯುವುದು ಅವಳು ಸೊಸೆಯಾಗಿ ಬಂದಾಗಿನಿಂದ ಮಾಡುತ್ತಿದ್ದ ಕೆಲಸ. ಹಳೆಯ ಕಂಬಕ್ಕೆ ಗೆದ್ದಲು ಹಿಡಿದಿತ್ತು, ಹೊಸದು ತರುತ್ತೇನೆಂದು ಮಗ ಮಾತು ಕೊಟ್ಟಿದ್ದ. ಅಂಗಳದಲ್ಲಿ ಉದ್ದನೆಯ ಕಂಬ ಕಂಡಾಗ ಇದೇ ಅದೆಂದು ಅವಳು ತಿಳಿದಿದ್ದಳು. ಹಿಂದಿನ ಸಂಜೆ ಬಟ್ಟೆಗೆ ಹಾಕುವ ನೀಲಿಯನ್ನು ಸೋಪಿನ ನೀರಿಗೆ ಬೆರೆಸಿ ತೊಳೆದು, ಚೆನ್ನಾಗಿ ಒರೆಸಿ, ಬೆಳಿಗ್ಗೆ ತೆಳ್ಳಗೆ ಸುಣ್ಣ ಬಳಿದಿದ್ದಳು.

“ನಿನ್ನೆ ಮೊನ್ನೆ ಹೇಳಬೇಕಿತ್ತಲ್ಲೋ ಭಾಡ್ಯಾ, ಇದು ಹಡಗಿಂದು ಅಂತ,” ಎಂದಳು ಶೇವಂತಾ. “ಬರೇ ಮೈಯಿನ ಕಂಬ ನಿಲ್ಲಸ್ತಾರೇನು ಹಬ್ಬದಾಗ?”

“ನೀರು ತರ್ರಿ, ಲಗೂನ ತೊಳಿಯೂಣು,” ಎಂದು ಆನಂದಕುಮಾರ ಬಕೆಟ್ಟಿಗೆ ಓಡಿದ.

ಶುಭದಾ ಅವನ ತೋಳು ಹಿಡಿದಳು. “ನಿಂದ್ರು. ನೀರು ಹಾಕಬ್ಯಾಡ.”

ಒಣಗಿದ ಸುಣ್ಣದ ಮೇಲೆ, ಬೋಲ್ಟಿನ ರಂಧ್ರದ ಪಕ್ಕದಿಂದ ಹೊರಟು ಕಂಬವನ್ನು ಅರ್ಧ ಸುತ್ತಿದ ಒಂದು ನೀಲಿ ಗೆರೆ ಇತ್ತು, ಕೂದಲಿನಷ್ಟು ಸಣ್ಣದು. ಅವಳು ಮೊಣಕಾಲೂರಿದಳು. ಸೋಪಿನ ನೀರು ನೀಲಿಯನ್ನು ಬಿರುಕಿನೊಳಗೆ ಇಳಿಸಿತ್ತು. ಮೇಲಿನದನ್ನು ಬಟ್ಟೆ ಒರೆಸಿತ್ತು, ಒಳಗಿನದನ್ನು ಒಣಗುವ ಸುಣ್ಣ ಹೀರಿ ಹೊರಗೆ ತಂದಿತ್ತು. ಹೈದರಾಬಾದಿನ ದ್ರಾವಣ ಮಾಡಬೇಕಾಗಿದ್ದುದು ಇದನ್ನೇ.

“ಆನಂದ, ಕಂಬ ಎರಡು ಸ್ಟ್ಯಾಂಡಿನ ಮ್ಯಾಲ ಇಡು. ಈ ಗೆರಿ ಕೆಳಗ ಬರಲಿ. ಎಷ್ಟು ಭಾರ ತಡಿತದ ನೋಡೂಣು.”

ಪೀರಪ್ಪನೂ ಕೈ ಹಚ್ಚಿದ. ಕಂಬದ ನಡುವಿಗೆ ಮರಳಿನ ಚೀಲಗಳನ್ನು ಒಂದೊಂದಾಗಿ ತೂಗುಹಾಕಿದರು. ಹಾಯಿಯಲ್ಲಿ ಗಾಳಿ ತುಂಬಿದಾಗ ಬೀಳುವ ಭಾರದ ಅರ್ಧವೂ ಆಗಿರಲಿಲ್ಲ. ಪಟಾಕಿ ಸಿಡಿದಂಥ ಸದ್ದಾಗಿ, ಕಂಬ ನೀಲಿ ಗೆರೆಯಲ್ಲಿ ಬಾಯಿ ಬಿಟ್ಟು ಮಡಚಿ ನೆಲಕ್ಕೆ ಬಿತ್ತು. ಸುಣ್ಣದ ಧೂಳು ಎಲ್ಲರ ಮೈಮೇಲೆ ಇಳಿಯಿತು. ದೋಣಿಯಲ್ಲಿ ಆ ಕಂಬ ಮುರಿದು ಬೀಳುವ ಜಾಗದಲ್ಲೇ ಅತುಲ ಚುಕ್ಕಾಣಿ ಹಿಡಿದು ಕೂರುತ್ತಾನೆಂಬುದು ಶುಭದಾಳಿಗೆ ಗೊತ್ತಿತ್ತು.

“ಮುರಿದೇ ಹೋತಲ್ಲವ್ವಾ,” ಎಂದಳು ಶೇವಂತಾ ಮೆಲ್ಲಗೆ. “ನನ್ನಿಂದಾತೇನು?”

ಶುಭದಾ ಸುಣ್ಣವಾಗಿದ್ದ ಅವಳ ಎರಡೂ ಕೈಗಳನ್ನು ಹಿಡಿದು ಹಣೆಗೆ ಒತ್ತಿಕೊಂಡಳು.

ಫೋನಿನಲ್ಲಿ ಚಿತ್ರ ನೋಡಿದ ಅತುಲ, “ಅಕ್ಕಾ, ಸುಣ್ಣಾ ಹಚ್ಚಿದ ಆ ಅವ್ವ ಯಾರು?” ಎಂದು ಕೇಳಿದ. ಕೊಚ್ಚಿಯ ಪ್ರಯಾಣ ಮಳೆಗಾಲದ ಆಚೆಗೆ ಹೋಯಿತು. ದೋಣಿ ಬಂದರಿನಲ್ಲೇ ಉಳಿಯಿತು.

ದಸರೆಗೆ ಎರಡು ದಿನ ಮುಂಚೆ ಅತುಲ ಊರಿಗೆ ಬಂದ. ಕಲಬುರಗಿಯ ಬ್ರಹ್ಮಪುರದಿಂದ ತಾಯಿ ಅನಸೂಯಾಬಾಯಿಯನ್ನೂ ಕರೆದುಕೊಂಡು ಕಮಲಾಪುರಕ್ಕೆ, ಶೇವಂತಾಳ ಮನೆಗೆ ಹೋದ. ಅನಸೂಯಾಬಾಯಿ ಮಡಿಯವರು, ಹೊರಗೆ ಹಣ್ಣು ಬಿಟ್ಟು ಏನೂ ತೆಗೆದುಕೊಳ್ಳುವವರಲ್ಲ. ಇದು ಶೇವಂತಾಳಿಗೂ ಗೊತ್ತಿದ್ದಿರಬೇಕು. ಮೊದಲೇ ಕೆಂಪು ಬಾಳೆಹಣ್ಣಿನ ಗೊನೆ ತರಿಸಿಟ್ಟಿದ್ದಳು. ಅನಸೂಯಾಬಾಯಿ ಒಂದು ಹಣ್ಣು ತಿಂದರು. ಅಡುಗೆಮನೆಯ ಕಡೆ ನೋಡಿ, “ಶೇವಂತಾಬಾಯಿ, ಚಹಾ ಮಾಡಂಗಿಲ್ಲೇನು?” ಎಂದರು.

“ಸಕ್ಕರಿ ಎಷ್ಟು ಹಾಕ್ಲೀ?”

“ನಿಮಗ ಹಾಕಿಕೊಂಡಷ್ಟ.”

ಮುರಿದ ಕಂಬದ ಕೆಳಭಾಗವನ್ನು ಶುಭದಾ ಈ ಸಲ ಹೈದರಾಬಾದಿನ ದ್ರಾವಣದಿಂದಲೇ ಪರೀಕ್ಷಿಸಿದ್ದಳು. ಎಲ್ಲೂ ಗೆರೆ ಇರಲಿಲ್ಲ. ದೋಣಿಯ ಮಾಲೀಕರನ್ನು ಕೇಳಿ, ಆನಂದಕುಮಾರ ಅದನ್ನು ಕತ್ತರಿಸಿ ವಿಹಾರದ ಎದುರು ನಿಲ್ಲಿಸಿದ. ಅತುಲ ಗುಂಡಿ ತೋಡಿ, ಇದ್ದಲು, ಉಪ್ಪು ತುಂಬಿ, ತಾಮ್ರದ ಪಟ್ಟಿಯನ್ನು ಕಂಬದಿಂದ ನೆಲಕ್ಕಿಳಿಸಿದ. ಇನ್ನು ಸಿಡಿಲು ಬಡಿದರೂ ದಾರಿ ಸಿದ್ಧವಿತ್ತು.

ದಸರೆಯ ಬೆಳಿಗ್ಗೆ, ಧಮ್ಮದೀಕ್ಷೆಯ ನೆನಪಿಗೆ ಧ್ವಜ ಏರಿಸುವ ಮೊದಲು, ಶೇವಂತಾ ಬಕೆಟ್ಟು ಹಿಡಿದು ಬಂದಳು.

“ಯವ್ವಾ, ಸುಣ್ಣ ಬ್ಯಾಡ,” ಎಂದ ಆನಂದಕುಮಾರ.

“ಗೊತ್ತದ ಬಿಡೋ. ನೀಲಿ ಅಷ್ಟ ತಂದೀನಿ.”

ಅತುಲ ಬಟ್ಟೆಯ ತುಂಡೊಂದನ್ನು ನೀಲಿ ನೀರಿನಲ್ಲಿ ಅದ್ದಿ, ಅವಳ ಕೈಗೆ ನಿಲುಕದಷ್ಟು ಎತ್ತರದಿಂದ ಕಂಬ ಒರೆಸತೊಡಗಿದ.